ಖುರ್ಚಿಯ ಮೇಲಿನ ಕೋಟು

ಇಂಗ್ಲಿಷಿನಲ್ಲಿ ನೌಕರಿಗೆ ಇರುವಷ್ಟು ಹೆಸರುಗಳು ನಮ್ಮಲ್ಲಿ ಜೋಳದ ತಳಿಗಳಿಗೂ ಇಲ್ಲ. ಟೆಂಪರರಿ, ಆ್ಯಕ್ಟಿಂಗ್, ಆಫಿಶಿಯೇಟಿಂಗ್, ಪರ್ಮನೆಂಟ್. ಮೆಟ್ರಿಕ್ ಓದಿದ ನನಗೂ ಇವುಗಳ ಭೇದ ಸರಿಯಾಗಿ ತಿಳಿದದ್ದು ನನ್ನ ಲಗ್ನ ಮುರಿದುಬೀಳುವುದರಲ್ಲಿದ್ದಾಗ.

ಆಗ ನಾನು ಹುಕ್ಕೇರಿಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಖರೆ ಹೇಳಬೇಕೆಂದರೆ ಆ್ಯಕ್ಟಿಂಗ್ ಕಾರಕೂನ. ಕಾಯಂ ಕಾರಕೂನರಾದ ಚನ್ನಪ್ಪನವರು ಜಡ್ಡಿನ ರಜೆ ಹಾಕಿ ಊರಿಗೆ ಹೋಗಿದ್ದರು. ಹೋಗುವಾಗ ತಮ್ಮ ಹಳೆಯ ಕರಿ ಕೋಟನ್ನು ಖುರ್ಚಿಯ ಬೆನ್ನಿಗೆ ಹಾಕಿದ್ದರು. ನಮ್ಮ ಕಚೇರಿಯ ರೂಢಿಯೇ ಅದು, ಕೋಟು ಇದ್ದರೆ ಜಾಗ ಇದ್ದಂತೆ. ಆ ಕೋಟಿಗೆ ಬೆನ್ನು ತಾಗದ ಹಾಗೆ ನಾನು ಐದು ತಿಂಗಳು ನೆಟ್ಟಗೆ ಕುಳಿತು ಬರೆದೆ. ಕೂಡುವ ಶಿಸ್ತನ್ನು ಸಾಹೇಬರು ಒಮ್ಮೆ ಮೆಚ್ಚಿಕೊಂಡದ್ದೂ ಉಂಟು.

ಅಷ್ಟರಲ್ಲಿ ಮೂಡಲಗಿಯಲ್ಲಿ ಹೆಣ್ಣು ಗೊತ್ತಾಯಿತು. ನಮ್ಮ ಕಾಕಾ ಬೀಗರಿಗೆ "ಹುಡುಗಂದು ಸರಕಾರಿ ನೌಕರಿ ಐತ್ರಿ" ಎಂದಷ್ಟೇ ಹೇಳಿದ್ದ. ಹೆಣ್ಣಿನ ತಂದೆ ಶಿವಲಿಂಗಪ್ಪನವರು ಬೆಲ್ಲದ ವ್ಯಾಪಾರಿ, ಒಡೆದು ನೋಡದೆ ಒಂದು ಪೆಂಟೆಯನ್ನೂ ಕೊಂಡವರಲ್ಲ. ಸರ್ವಿಸ್ ಮೋಟಾರು ಹತ್ತಿ ನೇರವಾಗಿ ಕಚೇರಿಗೇ ಬಂದರು.

"ನಿಮ್ಮ ಕೋಟ ಮೈಮ್ಯಾಲ ಐತಿ. ಖುರ್ಚಿ ಮ್ಯಾಲಿಂದು ಯಾರ್ದರಿ?"

"ಚನ್ನಪ್ಪನವರ್ದರಿ. ಅವರು ಪರ್ಮನೆಂಟ್, ನಾ ಆ್ಯಕ್ಟಿಂಗ್."

"ಹಂಗಂದ್ರ?"

"ಕೆಲಸ ಪೂರಾ ನಂದರಿ. ಖುರ್ಚಿ ಅವರ್ದು."

"ಮತ್ತ ಟೆಂಪರರಿ ಅಂತಾರಲ್ಲ?"

"ಅದರಾಗ ಖುರ್ಚೀನೂ ಇರೂದಿಲ್ರಿ."

ಕೇಳದಿದ್ದರೂ ಆಫಿಶಿಯೇಟಿಂಗ್ ಬಗ್ಗೆಯೂ ವಿವರಿಸಿದೆ. ಅವರು ಶಾಂತವಾಗಿ ಕೇಳಿ ಎದ್ದರು. "ನಾವು ಮಗಳನ್ನ ಕೊಡೂದು ಕಾಯಂ ಆಗಿ ನೋಡ್ರಿ. ಆ ಕೋಟ ಎದ್ದ ಮ್ಯಾಲ ಹೇಳಿ ಕಳಸ್ರಿ."

ಹುಡುಗಿ ನನ್ನ ಮನಸ್ಸಿಗೆ ಬಂದಿದ್ದಳು. ಆ ವಾರವೆಲ್ಲ ಬಹಳ ಸಂಕಟಪಟ್ಟೆ. ಚನ್ನಪ್ಪನವರು ಬೇಗ ಗುಣವಾಗಲಿ ಎಂದು ಬೇಡಿಕೊಳ್ಳಲೂ ಬಾಯಿ ಬರಲಿಲ್ಲ. ಆದರೆ ಅವರು ಗುಣವಾದರು, ತಾವೇ ಕೇಳಿಕೊಂಡು ಗೋಕಾಕಿಗೆ ವರ್ಗವಾದರು, ಒಂದು ಸೋಮವಾರ ಬಂದು ಕೋಟು ಝಾಡಿಸಿ ತೊಟ್ಟು ಹೋದರು. ತಿಂಗಳೊಪ್ಪತ್ತಿನಲ್ಲಿ ನಾನು ಪರ್ಮನೆಂಟ್ ಆದೆ.

ಲಗ್ನದ ದಿನ ಅಕ್ಕಿಕಾಳು ಬೀಳುವ ಮುಂಚೆ ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಿವಿಯಲ್ಲಿ ಕೇಳಿದರು: "ಅಳಿಯಂದ್ರ, ಬರೇ ಅಂಗಿ ಮ್ಯಾಲ ನಿಂತೀರಲ್ಲ, ಕೋಟ ಎಲ್ಲೈತ್ರಿ?"

"ಹುಕ್ಕೇರ್ಯಾಗ ಐತ್ರಿ, ಖುರ್ಚಿ ಮ್ಯಾಲ."

ರಜೆ ಮುಗಿಸಿ ಹೋದಾಗ, ನನ್ನ ಬದಲಿಗೆ ಬಂದಿದ್ದ ಆ್ಯಕ್ಟಿಂಗ್ ಮನುಷ್ಯ ಕೋಟಿಗೆ ಬೆನ್ನು ತಾಗದಂತೆ ನೆಟ್ಟಗೆ ಕುಳಿತು ಬರೆಯುತ್ತಿದ್ದ. ಅವನಿಗೂ ಹೆಣ್ಣು ನೋಡುತ್ತಿದ್ದರಂತೆ. ಕೂಡುವ ಶಿಸ್ತನ್ನು ನಾನೂ ಮೆಚ್ಚಿಕೊಂಡೆ.