ಗಾಳಿಯಿಲ್ಲದ ಕಡಲಲ್ಲಿ ಚಿಕ್ಕಮ್ಮ

ನನ್ನ ಚಿಕ್ಕಮ್ಮನ ತಲೆ ಕೆಟ್ಟಿದೆ ಎಂದು ನಮ್ಮೂರು ಗೋಣಿಬೀಡಿನವರು ಹೇಳಿದರೆ ನಾನು ಒಪ್ಪುವುದಿಲ್ಲ. ತಲೆ ಕೆಟ್ಟವರಾಗಿದ್ದರೆ ಸಮುದ್ರಕ್ಕೆ ಒಬ್ಬರೇ ಹೋಗುತ್ತಿದ್ದರು. ಇವರು ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು!

ಐವತ್ತು ದಾಟಿದ ಮೇಲೆ, ಒಂದು ವರ್ಷ ಕಾಫಿ ಕೊಯ್ಲು ಮುಗಿದದ್ದೇ ತಡ, ಗೋವಾಕ್ಕೆ ಹೋಗಿ ಹಾಯಿದೋಣಿ ನಡೆಸುವುದನ್ನು ಕಲಿತು ಬಂದರು. ಆಮೇಲೆ ಹಳೆಯ ದೋಣಿಯೊಂದನ್ನು ಕೊಂಡೇಬಿಟ್ಟರು. ಮೂಡಿಗೆರೆ ಸಂತೆಗೆ ಕರೆಯುವಷ್ಟು ಸಲೀಸಾಗಿ, "ಮಂಗಳೂರಿಂದ ಲಕ್ಷದ್ವೀಪಕ್ಕೆ ಹೋಗಿ ಬರೋಣ ಬಾ" ಎಂದರು.

"ಚಿಕ್ಕಮ್ಮ, ನಂಗೆ ಈಜು ಬರಲ್ಲ!"

"ಈಜೋದಾದ್ರೆ ದೋಣಿ ಎಂಥಕ್ಕೆ ಮಾರಾಯ?"

ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೋದೆ.

ದಡ ಕಣ್ಮರೆಯಾದ ಮರುದಿನವೇ ಗಾಳಿಯೂ ಕಣ್ಮರೆಯಾಯಿತು. ಹಾಯಿ ತಂತಿಗೆ ಒಣಹಾಕಿದ ಬೆಡ್‌ಶೀಟಿನಂತೆ ಜೋತುಬಿತ್ತು. ಬೆಳಿಗ್ಗೆ ನಾನು ನೀರಿಗೆಸೆದ ಕಿತ್ತಳೆ ಸಿಪ್ಪೆ ಮಧ್ಯಾಹ್ನವೂ ನಮ್ಮ ಪಕ್ಕದಲ್ಲೇ ತೇಲುತ್ತಿತ್ತು. ಒಮ್ಮೊಮ್ಮೆ ಅದೇ ಮುಂದೆ ಹೋಗುತ್ತಿತ್ತು!

"ಮೋಟಾರ್ ಹಾಕಿ ಚಿಕ್ಕಮ್ಮ" ಎಂದು ಗೋಗರೆದೆ.

"ಹಾಯಿದೋಣಿಗೆ ಮೋಟಾರ್ ಹಾಕೋದೂ ಒಂದೇ, ನಮ್ಮನೇಲಿ ಅಂಗಡಿ ಇನ್‌ಸ್ಟಂಟ್ ಕಾಫಿ ಕುಡಿಯೋದೂ ಒಂದೇ. ಸುಮ್ನಿರು!"

ಅಷ್ಟರಲ್ಲಿ ಮೀನುಗಾರರ ದೋಣಿಯೊಂದು ಹತ್ತಿರ ಬಂತು. ನನ್ನ ಮುಖ ನೋಡಿ ಅವರಿಗೆ ಕರುಣೆ ಬಂದಿರಬೇಕು. "ಅಮ್ಮಾ, ಹಗ್ಗ ಕಟ್ಟಿ ಎಳ್ಕೊಂಡು ಹೋಗ್ಲಿಕ್ಕುಂಟಾ?" ಎಂದು ಕೂಗಿದರು. ನಾನು ಹಗ್ಗ ಹುಡುಕತೊಡಗಿದೆ.

"ನಾವೆಂಥ ಕೆಟ್ಟು ನಿಂತ ಜೀಪಾ? ಕಾಫಿ ಕುಡೀತೀರಾ ಹೇಳಿ!" ಎಂದರು ಚಿಕ್ಕಮ್ಮ. ಮೀನುಗಾರರು ಕಾಫಿ ಕುಡಿದು, ನಾಲ್ಕು ಬಂಗುಡೆ ಕೊಟ್ಟು, ನಗುತ್ತಾ ಹೋದರು. ನನ್ನನ್ನು ರಕ್ಷಿಸಬಹುದಾಗಿದ್ದವರ ಬೆನ್ನನ್ನೇ ನೋಡುತ್ತಾ ಕುಳಿತೆ.

ಮರುದಿನ ನನ್ನ ಹೊಟ್ಟೆ ಕೈಕೊಟ್ಟಿತು. ಗಾಳಿಯಿಲ್ಲದ ದೋಣಿ ತೊಟ್ಟಿಲಿನ ಹಾಗೆ ಅತ್ತಿತ್ತ ಹೊಯ್ದಾಡುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕುಡಿದ ನೀರೂ ನಿಲ್ಲದೆ ವಾಂತಿಯಾಯಿತು. ಕೆಳಗಿನ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು, ಮೇಲೆ ಸುಡುಬಿಸಿಲು. ನಾನು ಹಲಗೆಯ ಮೇಲೆ ಉರುಳಿದೆ. ಚಿಕ್ಕಮ್ಮ ನನ್ನ ಹಣೆ ಮುಟ್ಟಿ ನೋಡಿದರು. ಎದ್ದು ಮೋಟಾರಿನ ಕೀಲಿ ತಿರುಗಿಸಿದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಮತ್ತೆ ತಿರುಗಿಸಿದರು. ಇಲ್ಲ. ಆಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಚಮಚದಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರು ಹಾಕುತ್ತಾ ಹೋದರು. ನನಗೆ ಹೇಗೋ ನಿದ್ದೆ ಹತ್ತಿತು.

ಎಚ್ಚರವಾದಾಗ ದೋಣಿ ಒಂದು ಕಡೆಗೆ ವಾಲಿ ಮೆಲ್ಲಗೆ ಸಾಗುತ್ತಿತ್ತು. ಹಾಯಿ ತುಂಬಿತ್ತು. ಚಿಕ್ಕಮ್ಮನ ಒಂದು ಕೈ ಚುಕ್ಕಾಣಿಯ ಮೇಲಿತ್ತು. ಇನ್ನೊಂದು ಕೈ ನನ್ನ ಮುಖದ ಮೇಲೆ ಕೊಡೆ ಹಿಡಿದಿತ್ತು. ಅವರ ಮೂಗು, ಕೆನ್ನೆ, ತೋಳು ಬಿಸಿಲಿಗೆ ಬೆಂದು ಕೆಂಪಾಗಿದ್ದವು.

"ಗಾಳಿ ಬಂತು ಕಣೋ" ಎಂದರು.

"ಕೊಡೆ ಇಳಿಸಿ ಚಿಕ್ಕಮ್ಮ."

"ಬಿಸಿಲಿದೆ, ಮಲ್ಕೋ" ಎಂದರು, ಗಾಳಿ ಬಂದ ದಿಕ್ಕಿನಿಂದ ಕಣ್ಣು ತೆಗೆಯದೆ.

ಸೂರ್ಯ ಮುಳುಗಿ ಆಗಲೇ ಅರ್ಧ ಗಂಟೆಯಾಗಿತ್ತು.