ಲಕ್ಷ ರೂಪಾಯಿಯ ಹಳೇ ಚಪ್ಪಲಿ

ಮನೆಗೆ ಕೀಲಿ ಹಾಕಿ ನಾಲ್ಕು ಸಲ ಎಳೆದು ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ರಾಯಚೂರಿನ ನಮ್ಮ ಕಾಕಾ ಎದುರುಮನೆಯ ಕೀಲಿಯನ್ನೂ ಎಳೆದು ನೋಡಿಯೇ ಹೊರಡುತ್ತಾನೆ! ಆ ಮನೆಯವರಿಗೆ ಈಗ ಅವನ ಮೇಲೇ ಅನುಮಾನ.

ಇಂಥವನಿಗೆ ದೇವದುರ್ಗದ ತಂಗಿಗೆ, ಅಂದರೆ ನಮ್ಮ ಅತ್ತೆಗೆ, ನಮ್ಮಜ್ಜಿಯ ಬೆಳ್ಳಿಯ ಸೊಂಟದ ಡಾಬನ್ನು ಪಾರ್ಸಲ್ ಮಾಡುವ ಪ್ರಸಂಗ ಬಂತು. ತಾನೇ ಒಯ್ದು ಕೊಡಬಾರದೇ? ಪೇಚಾಟ ಇರುವುದೇ ಅಲ್ಲಿ. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ ಡಾಬು ಕಾಣಲಿಲ್ಲ. ಕಾಕಾ ನೆಂಟರೆಲ್ಲರ ಮುಂದೆ ತಂಗಿಯ ಚೀಲ ತಡಕಿದ. ಅಂದು ಎದ್ದು ಹೋದ ಅತ್ತೆ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ, ಅಣ್ಣನ ಫೋನೂ ಎತ್ತಲಿಲ್ಲ. ಮೊನ್ನೆ ಡಾಬು ಸಿಕ್ಕಿತು. ಎಲ್ಲಿ? ಕಾಕಾನದೇ ಟ್ರಂಕಿನ ತಳದಲ್ಲಿ! ಯಾರನ್ನೂ ನಂಬದ ಅಜ್ಜಿಯೇ ಅಲ್ಲಿ ಬಚ್ಚಿಟ್ಟಿದ್ದಳು. "ಯಾವ ಮುಖ ಹೊತ್ಕೊಂಡು ಹೋಗ್ಲಿ?" ಎಂದು ಕಾಕಾ ಊಟ ಬಿಟ್ಟು ಕೂತ. ಕೊನೆಗೆ ಪಾರ್ಸಲ್ಲೇ ಗತಿಯಾಯಿತು.

ಮೊದಲು ಪಾರ್ಸಲ್ ಆಫೀಸಿಗೇ ಪರೀಕ್ಷೆ! ಮಾನ್ವಿಯಲ್ಲಿ ಮೇಷ್ಟರಾಗಿರುವ ನನಗೆ ಒಂದು ಡಬ್ಬಿ ಬಂತು. ಒಳಗೆ ಒಂದೇ ಒಂದು ಉಳ್ಳಾಗಡ್ಡಿ. "ಹಂಗೇ ಬಂದದ ಕಾಕಾ, ಯಾರೂ ಬಿಚ್ಚಿಲ್ಲ" ಎಂದು ಫೋನ್ ಮಾಡಿದರೆ ದನಿ ತಗ್ಗಿಸಿದ: "ಒಳಗ ಉಳ್ಳಾಗಡ್ಡಿ ಅದ ಅಂತ ಅವರಿಗೆ ಹ್ಯಾಂಗ ಗೊತ್ತಾತಲೇ? ಅದಕ್ಕ ಕದ್ದಿಲ್ಲ!"

ಮುಂದಿನ ವಾರ ನನಗೆ ರಜೆ ಹಾಕಿಸಿ, ಬೈಕಿನ ಸಮೇತ ಕರೆಸಿಕೊಂಡ.

"ಒಳಗ ಏನದರೀ?" ಎಂದ ಪಾರ್ಸಲ್ ಆಫೀಸಿನ ಕ್ಲರ್ಕ್.

"ಹಳೇ ಚಪ್ಪಲಿ."

"ಇನ್ಶೂರೆನ್ಸ್ ಎಷ್ಟಕ್ಕ ಮಾಡ್ಲಿ?"

"ಲಕ್ಷ ರೂಪಾಯಿಗೆ."

ಕ್ಲರ್ಕ್ ಬಗ್ಗಿ ಕಾಕಾನ ಕಾಲು ನೋಡಿದ!

"ಖರೇ ಸಾಮಾನು, ಖರೇ ಬೆಲೆ ಬರೀರಿ. ಇಲ್ಲಾಂದ್ರ ಕಳೆದ್ರ ಏನೂ ಸಿಗಂಗಿಲ್ಲ."

"ಬೆಲೆ ಬರೆದ್ರ ಕಳ್ಳರನ್ನ ಕರೆದು ತೋರಿಸಿದಂಗಾಗಂಗಿಲ್ಲೇನು?"

ಕ್ಲರ್ಕ್ ಹಿಂದೆ ನಿಂತವನನ್ನು ಮುಂದೆ ಕರೆದ. ಕಡೆಗೆ ಅಕ್ಕಸಾಲಿಗನಿಂದ ತೂಕ, ಬೆಲೆ ಬರೆಸಿ ತಂದು ಲಕ್ಷಕ್ಕೇ ವಿಮೆ ಮಾಡಿಸಿದ್ದಾಯಿತು. ತೂಗುವಾಗ ಕಾಕಾ ಅಕ್ಕಸಾಲಿಗನ ಬೆರಳುಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ಮರುದಿನ ಪಾರ್ಸಲ್ ವ್ಯಾನ್ ಹೊರಟಿತು, ಹಿಂದೆ ಬೈಕಿನಲ್ಲಿ ನಾವು. ಅದು ಮಾನ್ವಿ ರಸ್ತೆಗೆ ತಿರುಗಿದ್ದೇ ತಡ, ಕಾಕಾ ನನ್ನ ಹೆಗಲು ಹಿಂಡಿದ.

"ದೇವದುರ್ಗದ ಪಾರ್ಸಲ್ ಮಾನ್ವಿಗ್ಯಾಕ ಹೊಂಟದಲೇ?"

"ಮಾನ್ವಿ ಪಾರ್ಸಲ್ಲೂ ಅದರಾಗೇ ಇರ್ತಾವ ಕಾಕಾ. ಅಲ್ಲಿ ಇಳಿಸಿ ಸಿರವಾರದ ಮ್ಯಾಲೆ ಹೋಗ್ತದ."

"ನೀನೂ ಮಾನ್ವಿಯಾಂವ. ನೀ ಅವರ ಪೈಕೀನೇ ಏನು?"

ದೇವದುರ್ಗದಲ್ಲಿ ಅತ್ತೆಯ ಮನೆಯೆದುರಿನ ಚಹಾದಂಗಡಿಯಲ್ಲಿ ಅಡಗಿ ಕೂತೆವು. ಪಾರ್ಸಲಿನವನು ಬಾಗಿಲು ಬಡಿದ. ಅತ್ತೆಯೂ ಅದೇ ಅಜ್ಜಿಯ ಮಗಳಲ್ಲವೇ!

"ಬಿಚ್ಚಿ ತೋರಿಸು, ಆಮ್ಯಾಲೆ ಸಹಿ."

"ಸಹಿ ಇಲ್ಲದ ಬಿಚ್ಚಾಕ ಬರಂಗಿಲ್ಲ ಯವ್ವಾ, ಲಕ್ಷದ ಇನ್ಶೂರೆನ್ಸ್ ಅದ. ಬ್ಯಾಡಂದ್ರ ವಾಪಸ್ ಒಯ್ತೀನಿ."

"ಒಯ್ಯಿ ಹಂಗಾರ! ಕಳಿಸಿದಾಂವನೇ ಬಂದು ನನ್ನ ಮುಂದ ಬಿಚ್ಚಲಿ!"

ಅವನು ಡಬ್ಬಿ ಎತ್ತಿಕೊಂಡು ತಿರುಗಿದ. ಪಕ್ಕದಲ್ಲಿ ನೋಡುತ್ತೇನೆ, ಕಾಕಾ ಇಲ್ಲ! ಅರ್ಧ ಚಹಾ ಬಿಟ್ಟು ರಸ್ತೆ ದಾಟಿ ಓಡಿದ್ದ. ನಾನೂ ಹಿಂದೆಯೇ ಓಡಿದೆ. ಅವನು ಡಬ್ಬಿ ಕಸಿದುಕೊಂಡು, ಕಟ್ಟೆಯ ಮೇಲಿಟ್ಟು ಬಿಚ್ಚಿದ.

"ನನ್ನ ಟ್ರಂಕಿನ್ಯಾಗೇ ಇತ್ತು ತಂಗೀ. ನಿನ್ನ ಮ್ಯಾಲೆ ಸಂಶಯ ಮಾಡಿದೆ. ತಪ್ಪಾತು."

ಬೆಳ್ಳಿ ಬಿಸಿಲಿಗೆ ಹೊಳೆಯುತ್ತಿತ್ತು. ಅತ್ತೆ ಅದರತ್ತ ನೋಡಲೇ ಇಲ್ಲ. ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಪಾರ್ಸಲಿನವನಿಗೆ ಅವಸರ.

"ಸರಿಯಾಗಿ ನೋಡ್ಕೊಳ್ರಿ ಯವ್ವಾ. ಸಾಮಾನಿಗೆ ಏನಾರ ಧಕ್ಕಿ ಆಗೇದೇನು?"

"ಭಾಳ ಸೊರಗ್ಯಾನಪ್ಪಾ," ಎಂದಳು ಅತ್ತೆ, ಅಣ್ಣನ ಕೈ ಹಿಡಿದುಕೊಂಡು ಅಳುತ್ತಾ.