ತನ್ನ ಬೆನ್ನು ತಾನೇ ನೋಡಿಕೊಂಡ ಲ್ಯಾಪ್‌ಟಾಪಿನ ಪರವಾಗಿ

ಕಂಪನಿಯ ಸಕಲ ಲ್ಯಾಪ್‌ಟಾಪು, ಫೋನು, ಮೌಸು, ಚಾರ್ಜರುಗಳ ಏಕಮೇವ ಪಾಲಕರೂ, ಮನೆಯಿಂದ ಕೆಲಸ ಮಾಡುವ ನಮ್ಮಂಥವರ ಮೇಲೆ ರೆಪ್ಪೆ ಮಿಟುಕಿಸದೆ ಕಣ್ಣಿಟ್ಟಿರುವವರೂ ಆದ ಶ್ರೀಮಾನ್ ಕಾವಲಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಮನುಷ್ಯರಲ್ಲ, ಸಾಧನಗಳ ಜಾಡು ಹಿಡಿಯುವ ಒಂದು ಸಾಫ್ಟ್‌ವೇರ್ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಕಂಪನಿ ತಮಗಿಟ್ಟಿರುವ ಮಾರುದ್ದದ ಹೆಸರು ನಾಲಿಗೆಗೆ ಹೊರಳದ ಕಾರಣ ನೌಕರರೆಲ್ಲ ಸಲುಗೆಯಿಂದ ಕಾವಲಪ್ಪ ಎಂದು ಕರೆಯುತ್ತೇವೆ, ತಪ್ಪು ತಿಳಿಯಬಾರದು. ನಾನಾದರೋ ಇದೇ ಫ್ಯಾನು ಕಂಪನಿಯಲ್ಲಿ ಗ್ರಾಹಕರ ದೂರುಗಳಿಗೆ ಮನೆಯಿಂದಲೇ ಉತ್ತರ ಬರೆಯುವವಳು. ರೆಕ್ಕೆ ಸೊಟ್ಟಗಿದೆ, ಗಾಳಿಗಿಂತ ಸದ್ದೇ ಹೆಚ್ಚು, ತಿರುಗುವುದೇ ಇಲ್ಲ ಎಂದು ಬರೆಯುವ ಜನರಿಗೆ 'ತಮಗಾದ ಅನಾನುಕೂಲಕ್ಕೆ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ' ಎಂದು ಬರೆದು ಬರೆದು ನನ್ನ ಬೆರಳುಗಳಿಗೆ ವಿನಯ ಅಂಟಿಕೊಂಡುಬಿಟ್ಟಿದೆ. ದೂರಿಗೆ ಉತ್ತರ ಕೊಡುವುದೇ ಆಯಿತು ಹೊರತು ನಾನೇ ಒಂದು ದೂರು ಬರೆಯುವ ಯೋಗ ಈವರೆಗೆ ಕೂಡಿ ಬಂದಿರಲಿಲ್ಲ. ಅದನ್ನು ಕರುಣಿಸಿದ ತಮಗೆ ಮೊದಲ ನಮಸ್ಕಾರ.

ನನ್ನದು ತಾತ್ಕಾಲಿಕ ನೌಕರಿ. ಖಾಯಂ ಮಾಡಬೇಕೋ ಬೇಡವೋ ಎಂಬ ತೀರ್ಮಾನ ಈ ತಿಂಗಳು ಆಗಬೇಕಿತ್ತು, ಅದಕ್ಕೆ ತಾವು ಕೊಡುವ ವರದಿಯೇ ಆಧಾರವಾಗಿತ್ತು. ಇದಕ್ಕೆ ಮೊದಲು ನಾನು ಸೇರಿದ ಕಂಪನಿಗಳೆಲ್ಲ ನಾನು ಕುರ್ಚಿ ಬಿಸಿ ಮಾಡುವಷ್ಟರಲ್ಲಿ ಬಾಗಿಲು ಹಾಕಿಕೊಂಡಿವೆ. ಹಾಗಾಗಿ ಈ ಕೆಲಸ ನನಗೆ ಬೇಕಿತ್ತು. ಈ ಒಂದು ಮಾತನ್ನು ಮಾತ್ರ ಯಾವ ವಿನಯವನ್ನೂ ಸೇರಿಸದೆ ಹೇಳುತ್ತಿದ್ದೇನೆ.

ತಮ್ಮ ಕಾಳಜಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಒಮ್ಮೆ ನಾನು ಲ್ಯಾಪ್‌ಟಾಪನ್ನು ನಡುಮನೆಯಿಂದ ಅಡುಗೆಮನೆಗೆ ಎತ್ತಿಕೊಂಡು ಹೋದೆನೋ ಇಲ್ಲವೋ, 'ಸಾಧನವು ಸ್ಥಳಾಂತರಗೊಂಡಿದೆ, ಕಾರಣ ತಿಳಿಸಿ' ಎಂದು ತಾವು ಪರದೆಯ ತುಂಬ ಕೆಂಪಾಗಿ ಕಾಣಿಸಿಕೊಂಡಿರಿ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಭಯಭಕ್ತಿಯಿಂದ ಬರೆದಾಗ, ಹಾಲು ಎಂಬ ಸಾಧನವು ನನ್ನ ಹೆಸರಿನಲ್ಲಿ ದಾಖಲಾಗಿಲ್ಲವೆಂದು ತಿಳಿಸಿದಿರಿ. ಆ ಹಾಲು ಉಕ್ಕಿ ಒಲೆಯೆಲ್ಲ ತೊಯ್ದದ್ದು ಬೇರೆ ಮಾತು. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಅತ್ತೆ, "ಹೆತ್ತ ತಾಯಿನೂ ಇಷ್ಟು ವಿಚಾರಿಸಲ್ಲ ಕಣೇ, ಪುಣ್ಯವಂತೆ ನೀನು" ಎಂದರು. ಅತ್ತೆಯ ಬಾಯಲ್ಲಿ ಸೊಸೆ ಪುಣ್ಯವಂತೆ ಅನ್ನಿಸಿಕೊಂಡದ್ದು ತಮ್ಮಿಂದಲೇ ಎಂಬುದನ್ನು ನಾನು ಮರೆಯುವವಳಲ್ಲ.

ಹೀಗಿರುವಾಗ ತಮ್ಮಿಂದ ಆ ಅಪ್ಪಣೆ ಬಂತು. ಪ್ರತಿ ಲ್ಯಾಪ್‌ಟಾಪಿನ ತಳಕ್ಕೆ ಕಂಪನಿ ಅಂಟಿಸಿರುವ ಸಂಖ್ಯೆಯ ಚೀಟಿಯ ಚಿತ್ರವನ್ನು, ಆಯಾ ಲ್ಯಾಪ್‌ಟಾಪಿನ ಸ್ವಂತ ಕ್ಯಾಮೆರಾದಿಂದಲೇ ತೆಗೆದು ಕಳಿಸಬೇಕು; ಫೋನಿನಲ್ಲಿ ತೆಗೆದ ಚಿತ್ರವನ್ನು ನಂಬಲಾಗದು; ತಪ್ಪಿದರೆ ಸಾಧನ ಕಳುವಾಗಿದೆಯೆಂದು ಭಾವಿಸಲಾಗುವುದು. ಕ್ಯಾಮೆರಾ ಇರುವುದು ಪರದೆಯ ನೆತ್ತಿಯಲ್ಲಿ, ನನ್ನ ಮುಖ ನೋಡಿಕೊಂಡು. ಚೀಟಿ ಇರುವುದು ಹೊಟ್ಟೆಯ ಕೆಳಗೆ, ಮೇಜಿನ ಮುಖ ನೋಡಿಕೊಂಡು. ನಾನು ಅದನ್ನು ಮಗುಚಿದೆ, ಎತ್ತಿದೆ, ವಾಲಿಸಿದೆ. ಒಂದು ಹಂತದಲ್ಲಿ ನಾನೇ ಮೇಜಿನ ಕೆಳಗೆ ಅಂಗಾತ ಮಲಗಿದ್ದೆ. "ಅದರ ಬೆನ್ನು ಅದಕ್ಕೇ ಕಾಣಬೇಕಂತಾ? ಇಷ್ಟು ವಯಸ್ಸಾಯ್ತು, ನನ್ನ ಬೆನ್ನೇ ನಾನಿನ್ನೂ ನೋಡಿಲ್ಲ" ಎಂದರು ಅತ್ತೆ. ಅಂದವರು ಸುಮ್ಮನಿರಲಿಲ್ಲ, ನಮ್ಮ ಮನೆಯ ಕೆಳಗಡೆ ಅಂಗಡಿಯಿಟ್ಟಿರುವ ಕ್ಷೌರದವರನ್ನು ಕರೆದುಕೊಂಡು ಬಂದರು.

ಆ ಮಹನೀಯರ ಬಳಿ ಗಿರಾಕಿಗಳಿಗೆ ಹಿಂದಲೆ ತೋರಿಸಲೆಂದು ಇಟ್ಟುಕೊಂಡ ಒಂದು ಅಗಲವಾದ ಕೈಗನ್ನಡಿಯಿದೆ. ನಾನು ಲ್ಯಾಪ್‌ಟಾಪನ್ನು ಎದೆಯ ಎತ್ತರಕ್ಕೆ ಎತ್ತಿ ಹಿಡಿದೆ, ಅತ್ತೆ ಟಾರ್ಚು ಬಿಟ್ಟರು, ಕ್ಷೌರದವರು ಮುಂದೆ ಬಗ್ಗಿ ಕನ್ನಡಿಯನ್ನು ಅಭ್ಯಾಸವಾದ ಕೈಯಿಂದ ಹಾಗೆ ಹೀಗೆ ವಾಲಿಸುತ್ತ, "ಕಾಣ್ತಾ ಇದೆಯಾ? ಇಷ್ಟು ಸಾಕಾ, ಇನ್ನೂ ಸ್ವಲ್ಪ ಕೆಳಗೆ ತೋರಿಸ್ಲಾ?" ಎಂದು ಲ್ಯಾಪ್‌ಟಾಪನ್ನೇ ಕೇಳಿದರು. ಪಾಪ, ರೂಢಿ. ಕ್ಯಾಮೆರಾ ಕ್ಲಿಕ್ಕೆಂದಿತು. ಪರದೆಯ ಮೇಲೆ ಹಸಿರು ಗುರುತು ಮೂಡಿದಾಗ ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಕನ್ನಡಿ ಎಡವನ್ನು ಬಲ ಮಾಡುತ್ತದೆ ಎಂಬುದು ತಮ್ಮಂಥ ಸರ್ವಜ್ಞರಿಗೆ ತಿಳಿದಿರುತ್ತದೆಂದು ನಾನು ನಂಬಿದ್ದೇ ಅನಾಹುತಕ್ಕೆ ಕಾರಣವಾಯಿತು. ನನ್ನ ಲ್ಯಾಪ್‌ಟಾಪಿನ ಸಂಖ್ಯೆ 1081. ಒಂದು, ಸೊನ್ನೆ, ಎಂಟು ಇವೆಲ್ಲ ಕನ್ನಡಿಯಲ್ಲೂ ಮುಖ ಬದಲಿಸದ ಸಾಧು ಅಂಕಿಗಳು. ಬದಲಿಸುವುದು ನಿಂತ ಸಾಲನ್ನು ಮಾತ್ರ. ಹಾಗಾಗಿ ತಾವು ಅದನ್ನು 1801 ಎಂದು ಓದಿಕೊಂಡಿರಿ. ಆ 1801 ಬೇರೆ ಯಾವುದೂ ಅಲ್ಲ, ಪ್ರಧಾನ ಕಚೇರಿಯ ಮೂರನೆಯ ಮಹಡಿಯಲ್ಲಿ ಗುಂಡಿ ಒತ್ತಿದರೆ ಲೋಟಕ್ಕೆ ಕಾಫಿ ಸುರಿಯುವ ಯಂತ್ರ. ಕಚೇರಿಯ ವೈಫೈಗೆ ಅಂಟಿಕೊಂಡಿರುವುದರಿಂದ ಅದೂ ತಮ್ಮ ಪಾಲನೆಯಲ್ಲಿಯೇ ಇದೆ.

ಒಂದು ಸಂಖ್ಯೆಗೆ ಎರಡು ಒಡಲು ಇರಬಾರದೆಂಬ ನಿಯಮವನ್ನು ತಾವು ಎಷ್ಟು ಚುರುಕಾಗಿ ಪಾಲಿಸಿದಿರಿ! ಖಾಲಿ ಬಿದ್ದ ನನ್ನ 1081ನ್ನು ಆ ಕಾಫಿ ಯಂತ್ರಕ್ಕೆ ದಯಪಾಲಿಸಿದಿರಿ. ಅಂದಿನಿಂದ ನನ್ನ ಲ್ಯಾಪ್‌ಟಾಪಿಗೆ 'ನೀರಿನ ತೊಟ್ಟಿ ಬರಿದಾಗಿದೆ', 'ಹಾಲಿನ ಕೊಳವೆ ತೊಳೆಯಿರಿ', 'ಸಕ್ಕರೆ ಗಟ್ಟಿಯಾಗಿರಬಹುದು, ಅಲುಗಾಡಿಸಿ' ಎಂಬ ಆದೇಶಗಳು ಬರತೊಡಗಿದವು. ನಾನು ಆಜ್ಞಾಧಾರಕಿ. ಅಲುಗಾಡಿಸಿ ಕೂಡ ನೋಡಿದೆ.

ಅತ್ತ ಕಾಫಿ ಯಂತ್ರ ನನ್ನ ಹೆಸರಿನಲ್ಲಿ ದುಡಿಯತೊಡಗಿತು, ಮತ್ತು ಹೇಳಲು ಸಂಕೋಚವಾದರೂ ಹೇಳಲೇಬೇಕು, ನನಗಿಂತ ಚೆನ್ನಾಗಿಯೇ ದುಡಿಯಿತು. ಬೆಳಗಿನಿಂದ ಸಂಜೆಯವರೆಗೆ ಎಚ್ಚರ, ಕುಳಿತಲ್ಲಿಂದ ಕದಲಿದ್ದಿಲ್ಲ, ಒತ್ತಿದ ಗುಂಡಿಗಳಿಗೆ ಲೆಕ್ಕವೇ ಇಲ್ಲ, ಮಧ್ಯಾಹ್ನ ಊಟದ ಹೊತ್ತಿನಲ್ಲಂತೂ ಇನ್ನೂ ಹುರುಪು. ಹಾಲು ಉಕ್ಕಿತೆಂದು ಅದು ಒಂದು ದಿನವೂ ಎದ್ದು ಓಡಲಿಲ್ಲ. ನಮ್ಮ ವಿಭಾಗದ ಮೇಡಂ ಫೋನು ಮಾಡಿ, "ಏನ್ರೀ, ಈಚೆಗೆ ನಿಮ್ಮ ಕೆಲಸ ಬಿಸಿಬಿಸಿಯಾಗಿದೆ, ಹೀಗೇ ಇರ್ಲಿ" ಎಂದು ಮೆಚ್ಚಿಕೊಂಡರು. ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ನೀವು ಹೇಳೋದು ನಂಗೆ ಅರ್ಥ ಆಗುತ್ತಮ್ಮ, ಆದ್ರೆ ಕಾವಲಪ್ಪ ಹಾಗೆ ಹೇಳ್ತಾ ಇಲ್ಲವಲ್ಲ" ಎಂದರು. ತಮಗೇ ನೇರವಾಗಿ ದೂರು ಸಲ್ಲಿಸಿದೆ. 'ತಮಗಾದ ಅನಾನುಕೂಲಕ್ಕೆ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ' ಎಂದು ಕ್ಷಣಾರ್ಧದಲ್ಲಿ ಉತ್ತರ ಬಂತು. ಎಷ್ಟು ಚೆಂದದ ವಾಕ್ಯ! ಅದನ್ನು ಬರೆದವಳೇ ನಾನು. ಅದನ್ನು ಓದುವವರಿಗೆ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಮಾತ್ರ ಅವತ್ತೇ ತಿಳಿದದ್ದು.

ಬಳಿಕ ಕಚೇರಿಯಿಂದ ಇಬ್ಬರು ಬಂದರು, ಕಾಫಿ ಯಂತ್ರವನ್ನು ಮನೆಯಲ್ಲಿಟ್ಟುಕೊಂಡಿರುವ ನನ್ನಿಂದ ಅದನ್ನು ವಾಪಸು ಒಯ್ಯಲು. ಭಾರದ ಯಂತ್ರವೆಂದು ಚಕ್ರದ ಗಾಡಿಯನ್ನೂ ಹಗ್ಗವನ್ನೂ ತಂದಿದ್ದರು. ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ನೋಡಿ ಅವರಲ್ಲೊಬ್ಬ, "ಇದು ಕಾಫಿ ಮೆಷಿನ್ ಥರ ಇಲ್ಲವಲ್ಲಕ್ಕಾ" ಎಂದು ತಲೆ ಕೆರೆದುಕೊಂಡ. ನನಗೆ ಹೋದ ಜೀವ ಬಂದಂತಾಯಿತು. ತಳದ ಚೀಟಿಯನ್ನೂ ತೋರಿಸಿದೆ, 1081 ಎಂದು ಅವರೇ ಜೋರಾಗಿ ಓದಿದರು. ಆದರೆ ಅದಕ್ಕೂ ತಮ್ಮಲ್ಲಿ ಮದ್ದಿತ್ತು. ಚೀಟಿ ತಪ್ಪಾಗಿದ್ದಲ್ಲಿ ಸರಿಪಡಿಸಿ ಎಂದು 1801ರ ಹೊಸ ಚೀಟಿಯನ್ನು ಅವರ ಕೈಯಲ್ಲೇ ಕೊಟ್ಟು ಕಳಿಸಿದ್ದಿರಿ. ಅಂಟಿಸಿದರು, ಉಜ್ಜಿದರು, ಗಾಡಿಯ ಮೇಲಿಟ್ಟು ಹಗ್ಗ ಬಿಗಿದರು. "ಅದರಿಂದ ಕಾಫಿ ಬಂದ್ರೆ ಮೊದಲ್ನೇ ಲೋಟ ನಂಗೇ ಕಳಿಸ್ಬೇಕಪ್ಪಾ" ಎಂದು ಅತ್ತೆ ಮಹಡಿಯ ಮೇಲಿನಿಂದ ಕೂಗಿ ಹೇಳಿದರು. ಫ್ಯಾನಿನ ಸದ್ದಿಗೆ ಮಗು ಬೆಚ್ಚಿ ಬೀಳುತ್ತದೆಂದು ಬರೆದಿದ್ದ ಒಬ್ಬ ತಾಯಿಗೆ ನಾನು ಅರ್ಧ ಬರೆದಿಟ್ಟಿದ್ದ ಉತ್ತರವೂ ಆ ಗಾಡಿಯಲ್ಲೇ ಹೋಯಿತು.

ಈಗ ಅಲ್ಲಿನ ವ್ಯವಸ್ಥೆ ಹೇಗಿದೆಯೆಂದು ಮೇಡಂ ಅವರೇ ತಿಳಿಸಿದ್ದಾರೆ. 1801 ಇರಬೇಕಾದ್ದು ಕಾಫಿ ಕೋಣೆಯಲ್ಲಿ, ಹಾಗಾಗಿ ನನ್ನ ಲ್ಯಾಪ್‌ಟಾಪು ಅಲ್ಲಿದೆ, ಮುಂದೆ ಲೋಟಗಳ ಸಾಲಿದೆ. 1081 ಇರಬೇಕಾದ್ದು ದೂರುಗಳ ವಿಭಾಗದಲ್ಲಿ, ಹಾಗಾಗಿ ಕಾಫಿ ಯಂತ್ರವನ್ನು ನಾಲ್ಕು ಜನ ಹೊತ್ತು ತಂದು ಒಂದು ಮೇಜಿನ ಮೇಲೆ ಕೂರಿಸಿ, ಎದುರಿಗೆ ಕುರ್ಚಿಯನ್ನೂ ಹಾಕಿದ್ದಾರೆ. ನಿರಂತರ ಹಾಜರಿಯನ್ನೂ ಅವಿರತ ದುಡಿಮೆಯನ್ನೂ ಮೆಚ್ಚಿ 1081ರವರನ್ನು ಖಾಯಂಗೊಳಿಸಿದ ಆದೇಶವನ್ನು ಅದರ ಮೈಗೆ ಅಂಟಿಸಿ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನನಗೂ ಒಂದು ಸಂದೇಶ ಬಂದಿದೆ. 'ತಮ್ಮ ಹೆಸರಿನಲ್ಲಿ ಯಾವ ಸಾಧನವೂ ಕಂಡುಬರುತ್ತಿಲ್ಲ, ಸಾಧನವಿಲ್ಲದವರನ್ನು ನೌಕರರೆಂದು ಪರಿಗಣಿಸಲಾಗದು, ಶುಭವಾಗಲಿ' ಎಂದಿದೆ. ಅದನ್ನು ಓದಿ ನಾನು ನಕ್ಕೆ. ನಗುತ್ತ ನಗುತ್ತಲೇ ಅಳು ಬಂತು, ಅತ್ತೆಗೆ ಕಾಣಬಾರದೆಂದು ಮುಖ ತೊಳೆಯಲು ಹೋದೆ.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಪುರುಸೊತ್ತಾದಾಗ ತಾವು ಕಾಲು ಮೂಡಿಸಿಕೊಂಡು ಒಮ್ಮೆ ನಮ್ಮ ಮನೆಗೆ ದಯಮಾಡಿಸಿ, ನಾನು ಇದ್ದೇನೋ ಇಲ್ಲವೋ ಕಣ್ಣಾರೆ ನೋಡಿ ಹೋಗಬೇಕು. ಅದು ಆಗದಿದ್ದರೆ ತಮ್ಮ ಬೆನ್ನಿನ ಚೀಟಿಯನ್ನು ತಮ್ಮದೇ ಕಣ್ಣಿನಿಂದ ಓದಿ ನಮಗೆಲ್ಲ ಒಂದು ಮಾದರಿ ಹಾಕಿಕೊಡಬೇಕು. ಅದೂ ಕಷ್ಟವಾದರೆ, ನಾಲ್ಕಂಕಿಯ ಯಾವುದಾದರೂ ಉಳಿಕೆ ಸಂಖ್ಯೆಯಿದ್ದರೆ ಅದರದೊಂದು ಚೀಟಿ ಬರೆದು ನನ್ನ ಬೆನ್ನಿಗೇ ಅಂಟಿಸಿಬಿಡಿ. ಈ ಕಂಪನಿಯಲ್ಲಿ ಒಂದು ಚಾರ್ಜರು ಕಳೆದರೂ ಗಾಡಿ, ಹಗ್ಗ ಹಿಡಿದು ಹುಡುಕಿಕೊಂಡು ಬರುವವರಿದ್ದಾರೆ. ನಾನು ಕಳೆದುಹೋದದ್ದು ಮಾತ್ರ ಯಾರಿಗೂ ತಿಳಿದಿಲ್ಲ.

ಬರೆಯಲು ಲ್ಯಾಪ್‌ಟಾಪಿಲ್ಲದ ಕಾರಣ ಇದನ್ನು ಕೈಯಲ್ಲಿ ಬರೆದು ಕಚೇರಿಯ ಬಾಗಿಲಿಗೆ ಅಂಟಿಸಲು ಕಳಿಸುತ್ತಿದ್ದೇನೆ. ದಾರಿಹೋಕರು ಯಾರಾದರೂ ದೊಡ್ಡ ಮನಸ್ಸು ಮಾಡಿ ಇದನ್ನು ತಾವು ನೋಡುವ ಕ್ಯಾಮೆರಾದ ಎದುರಿಗೆ ಹಿಡಿಯಲಿ, ನೇರವಾಗಿ ಹಿಡಿಯಲಿ.

ಯಾವ ಪಟ್ಟಿಯಲ್ಲೂ ಸಿಗದಿದ್ದರೂ ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಮಾಜಿ 1081, ಮಾಜಿ ಕಾಫಿ ಯಂತ್ರ

ವಿಶೇಷ ಸೂಚನೆ: ನೀರಿನ ಕೊಳವೆಯಿಲ್ಲದ ಮೇಜಿಗೆ ಬಂದ ಮೇಲೆ ಆ ಯಂತ್ರ ಒಂದು ತೊಟ್ಟು ಕಾಫಿಯನ್ನೂ ಕೊಡುತ್ತಿಲ್ಲವೆಂದು ಇಡೀ ಮೂರನೆಯ ಮಹಡಿ ದೂರು ಸಲ್ಲಿಸಿದೆಯಂತೆ, ಅವುಗಳಿಗೆ ಉತ್ತರ ಬರೆದುಕೊಡುವಿರಾ ಎಂದು ಮೇಡಂ ನನ್ನನ್ನು ಕೇಳಿದರು. ದೂರುಗಳಿಗೆ ಉತ್ತರಿಸುವುದು ಖಾಯಂ ನೌಕರರ ಹೊಣೆ. ದಯವಿಟ್ಟು ಅವರನ್ನೇ ವಿಚಾರಿಸಿ; ಒಂದು ಸಲಕ್ಕೆ ಉತ್ತರ ಬಾರದಿದ್ದರೆ ಗುಂಡಿಯನ್ನು ಇನ್ನೊಮ್ಮೆ ಒತ್ತಬಹುದು.